ಎಡಗಾಲಿನ ಶೂ

ನಮ್ಮಣ್ಣನದು ಶೂ ಹೊಲಿಯುವ ಕಸುಬು. ಮಾತು ಕಮ್ಮಿ, ಹಟ ಜಾಸ್ತಿ. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ನಡಿಗೆ ನೋಡಿಯೇ ಹಿಮ್ಮಡಿ ಯಾವ ಕಡೆ ಸವೆದಿದೆ ಎಂದು ಹೇಳಿಬಿಡುತ್ತಿದ್ದ. ಆ ಜಂಬವೇ ಅವನ ಮಗಳ ಕಾಲು ತಿಂದಿತು ಎಂದು ನಾನು ಈಗಲೂ ಹೇಳುತ್ತೇನೆ, ಯಾರು ಬೇಜಾರು ಮಾಡಿಕೊಂಡರೂ ಸರಿ.

ಮಗಳ ಎಡಪಾದ ಬಲಪಾದದಷ್ಟು ಬೆಳೆಯಲಿಲ್ಲ. ಅಂಗಾಲು ಕಮಾನಿನಂತೆ ಬಾಗಿ, ಬೆರಳುಗಳು ಮುದುಡತೊಡಗಿದವು. ಅಣ್ಣ ಮಾಡಿದ್ದೇನು? ಆ ಪಾದಕ್ಕೆಂದೇ ಬೇರೆ ಮರದ ಅಚ್ಚು ಕೆತ್ತಿದ. ಶೂ ಒಳಗೆ ತೊಗಲಿನ ಮೆತ್ತೆ, ಅಡಿಗೆ ಒಂದು ಪದರ ಹೆಚ್ಚು. ಹೊರಗಿನಿಂದ ಎರಡೂ ಒಂದೇ ಅಳತೆ. ಕಾಲು ಕೆಡುತ್ತ ಹೋಯಿತು, ಇವನು ಶೂ ತಿದ್ದುತ್ತ ಹೋದ. ಹುಡುಗಿ ಕುಂಟುವುದೇ ಕಾಣುತ್ತಿರಲಿಲ್ಲ. ಓಣಿಯವರೆಲ್ಲ ಭೇಷ್ ಎಂದರು. ಡಾಕ್ಟರಿಗೆ ತೋರಿಸೋ ಎಂದು ನಾನು ಬಾಯಿ ಬಡಕೊಂಡರೆ, ಕಾಲಿನ ವಿಷಯ ನನಗೇ ಹೇಳಿಕೊಡ್ತೀಯಾ ಎಂದು ನಕ್ಕ. ಅಷ್ಟು ದೊಡ್ಡವಳಾದರೂ ಹಾಸಿಗೆ ಒದ್ದೆ ಮಾಡುತ್ತಾಳೆಂದು ಅತ್ತಿಗೆ ಅವಳನ್ನು ಗದರುತ್ತಿದ್ದಳು. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಮನೆಯಲ್ಲಿ ಯಾರಿಗೂ ಬರಲಿಲ್ಲ.

ಒಂದು ಸಂಜೆ ಹುಡುಗಿ ಶಾಲೆಯಿಂದ ಬಂದು ಶೂ ಬಿಚ್ಚಿದರೆ ಕಾಲುಚೀಲ ರಕ್ತದಲ್ಲಿ ನೆನೆದಿತ್ತು. ಅಡಿಯ ಮೊಳೆಯೊಂದು ಮೇಲೆದ್ದು ಅಂಗಾಲಿಗೆ ಇಳಿದಿತ್ತು. ನೋವಾಗಲಿಲ್ಲವೇನೇ ಎಂದರೆ, ಯಾವ ನೋವು ಎಂದು ಅವಳೇ ನಮ್ಮನ್ನು ಕೇಳಿದಳು. ಅಣ್ಣ ಅವಳನ್ನು ಎತ್ತಿಕೊಂಡೇ ಆಸ್ಪತ್ರೆಗೆ ನಡೆದ.

ಡಾಕ್ಟರಮ್ಮ ಕಾಲು ನೋಡಿದವರೇ ಹುಡುಗಿಯನ್ನು ಬೋರಲು ಮಲಗಿಸಿದರು. ಸೊಂಟದ ನಡುವೆ ಹುಟ್ಟಿನಿಂದಲೂ ಒಂದು ಕೂದಲಿನ ಕುಚ್ಚು ಇತ್ತು. ನಾವದನ್ನು ಮಚ್ಚೆ ಎಂದುಕೊಂಡಿದ್ದೆವು. ಸ್ಕ್ಯಾನ್ ಆದ ಮೇಲೆ ಅವರು ವಿವರಿಸಿದರು: ಬೆನ್ನುಹುರಿ ಕೆಳತುದಿಯಲ್ಲಿ ಸಡಿಲವಾಗಿ ಇರಬೇಕು, ಇವಳದು ಬಿಗಿದು ಅಂಟಿಕೊಂಡಿದೆ. ಮೈ ಬೆಳೆದಷ್ಟೂ ಹುರಿ ಜಗ್ಗುತ್ತದೆ. ಕಾಲು, ಮೂತ್ರ ಎರಡೂ ಕೆಟ್ಟದ್ದು ಅದರಿಂದಲೇ. ಆಪರೇಷನ್ ಮಾಡಿ ಹುರಿಯನ್ನು ಬಿಡಿಸಿದರೆ ಇನ್ನಷ್ಟು ಕೆಡುವುದು ನಿಲ್ಲಬಹುದು. ಈಗಾಗಲೇ ಹೋದದ್ದು ವಾಪಸ್ ಬರುತ್ತದೆಂದು ಹೇಳಲಾರೆ ಎಂದರು.

"ಮೊದಲೇ ಯಾಕೆ ಕರ್ಕೊಂಡು ಬರ್ಲಿಲ್ಲ?"

ಡಾಕ್ಟರಮ್ಮ ಹೀಗೆ ಕೇಳಿದಾಗ ಅಣ್ಣ ಬಗ್ಗಿ ಹುಡುಗಿಯ ಕಾಲಿನ ಪಟ್ಟಿ ಸರಿಮಾಡತೊಡಗಿದ.

ಆಪರೇಷನ್ ಸುಸೂತ್ರವಾಗಿಯೇ ಆಯಿತು. ಹಾಸಿಗೆ ಒದ್ದೆಯಾಗುವುದು ಎಷ್ಟು ಕಮ್ಮಿಯಾಗುತ್ತದೋ ಕಾದು ನೋಡಬೇಕಿತ್ತು. ಪಾದ ಮಾತ್ರ ಹಾಗೇ ಉಳಿಯಿತು. ಡಾಕ್ಟರಮ್ಮ ಅಂಗಾಲಿಗೆ ಸೂಜಿಯ ಮೊನೆ ತಾಗಿಸಿ ನೋಡಿ, ಚೀಟಿಯಲ್ಲಿ ಏನೋ ಬರೆದು ಹೊರಟುಹೋದರು. ಎದ್ದೇಳಬಾರದೆಂದು ಹೇಳಿದ್ದರಿಂದ ಹುಡುಗಿ ಬೋರಲೇ ಮಲಗಿದ್ದಳು.

"ಅಪ್ಪಾ, ಮುಂಚೆನೇ ಬಂದಿದ್ರೆ ಕಾಲು ಸರಿ ಇರ್ತಿತ್ತಾ?"

ಬೇಡ ಬೇಡ ಎಂದು ಅತ್ತಿಗೆ ಕಣ್ಸನ್ನೆ ಮಾಡಿದಳು.

"ಹೂಂ ಕಣಮ್ಮ, ಇರ್ತಿತ್ತೇನೋ. ಶೂ ಹಾಕಿ ನಾನೇ ಮುಚ್ಚಿಬಿಟ್ಟೆ."

ಹುಡುಗಿ ಗೋಡೆಯ ಕಡೆ ಮುಖ ತಿರುಗಿಸಿದಳು. ಬೈಯಬೇಕೆಂದು ಬಂದವಳು ನಾನು. ಅಣ್ಣನನ್ನು ಬೈಯುವುದು ಬಿಟ್ಟು ಹುಡುಗಿಯ ತಲೆಯ ಹತ್ತಿರ ಹೋಗಿ ನಿಂತೆ. ಅಣ್ಣ ಮಂಚದ ತುದಿಗೆ ಕೂತು, ಅವಳ ಎಡಪಾದವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಒತ್ತತೊಡಗಿದ. ಬೆರಳುಗಳಿಂದ ಹಿಮ್ಮಡಿಯವರೆಗೆ ಬಿಡದೆ ಒತ್ತುತ್ತಲೇ ಇದ್ದ.

ಆಮೇಲೆ ಅವಳು ಗೋಡೆ ನೋಡುತ್ತಲೇ ನನ್ನನ್ನು ಕೇಳಿದಳು, "ಅಪ್ಪ ಎದ್ದು ಹೋಗ್ಬಿಟ್ರಾ, ಅತ್ತೆ?"