ಟಿವಿಯಲ್ಲಿ ಬರುತ್ತಿದ್ದ ನನ್ನ ತಂಗಿ

ಗುಲ್ಬರ್ಗಾದಲ್ಲಿ ಟಿವಿ ಶುರುವಾದ ಹೊಸತು. ರೈತರ ಕಾರ್ಯಕ್ರಮದ ನಾಟಕಕ್ಕೆ ಒಬ್ಬ ಹುಡುಗಿ ಬೇಕೆಂದು ಇಬ್ಬರು ಆಳಂದದ ನಮ್ಮ ಶಾಲೆಗೆ ಬಂದರು. ನಾನಾಗ ಏಳನೇ ಕ್ಲಾಸು. ಕಂಠಪಾಠವಿರಲಿ, ಭಾಷಣವಿರಲಿ, ಬಹುಮಾನ ನನ್ನದೇ. ಹೆಡ್‌ಮಾಸ್ತರರು ನನ್ನನ್ನೇ ಮುಂದೆ ನಿಲ್ಲಿಸಿದರು. ಕೈಕಟ್ಟಿ, ಒಂದಕ್ಷರ ತಪ್ಪದೆ ಪದ್ಯ ಒಪ್ಪಿಸಿದೆ. ಬಂದವರು ನಕ್ಕು, ಪುಸ್ತಕ ಓದಿದ ಹಾಗಿದೆ ಎಂದರು. ಅಷ್ಟರಲ್ಲಿ ಮೂರನೇ ಕ್ಲಾಸಿನ ನನ್ನ ತಂಗಿ ಬುತ್ತಿ ಹುಡುಕಿಕೊಂಡು ಬಾಗಿಲಿಗೆ ಬಂದಳು.

"ಅಕ್ಕಾ, ನನ್ನ ರೊಟ್ಟಿನೂ ನೀನೇ ತಿಂದಿಯೇನು? ನನಗ ಭಾಳ ಹಸಿವಿ ಆಗ್ಯಾದ."

ಅವರಿಗೆ ಬೇಕಾದ ಹುಡುಗಿ ಸಿಕ್ಕಳು.

ಬಟ್ಟೆ ಅಂಗಡಿಯನ್ನು ಕಾಕಾನಿಗೆ ಬಿಟ್ಟು ಅಪ್ಪ ಅವಳನ್ನು ಬಸ್ಸಿನಲ್ಲಿ ಗುಲ್ಬರ್ಗಾಕ್ಕೆ ಕರೆದೊಯ್ಯತೊಡಗಿದರು. ನಾಟಕದಲ್ಲಿ ಅವಳು ರೈತನ ಮಗಳು. ಬೀಜ, ಗೊಬ್ಬರದ ಬಗ್ಗೆ ನಾಟಕದ ಅಪ್ಪನಿಗೆ ಅಡ್ಡಪ್ರಶ್ನೆ ಹಾಕುವುದೇ ಅವಳ ಪಾತ್ರ. ಶಾಲೆಯ ಅಂಗಳದಲ್ಲಿ ಇಡುತ್ತಿದ್ದ ಟಿವಿಯ ಮುಂದೆ ಅರ್ಧ ಊರು ಸೇರುತ್ತಿತ್ತು. ಮಾತುಗಳನ್ನು ಅವಳಿಗೆ ಬಾಯಿಪಾಠ ಮಾಡಿಸುತ್ತಿದ್ದವಳು ನಾನು. ಅದು ಯಾರಿಗೂ ಕಾಣುತ್ತಿರಲಿಲ್ಲ. ಒಮ್ಮೆಯಾದರೂ ತೊದಲಲಿ ಎಂದು ಕಾಯುತ್ತಿದ್ದೆ. ತೊದಲಿದರೆ ಜನ ಇನ್ನಷ್ಟು ಮೆಚ್ಚುತ್ತಿದ್ದರು.

ಹದಿಮೂರಕ್ಕೆ ಅವಳು ಒಮ್ಮೆಲೇ ಉದ್ದವಾದಳು. ಅದೇ ಪಾತ್ರಕ್ಕೆ ಬೇರೊಂದು ಚಿಕ್ಕ ಹುಡುಗಿಯನ್ನು ತಂದರು. ಹೊಸಬಳು ಬಂದ ದಿನ ನಾನು ಟಿವಿ ನೋಡಲಿಲ್ಲ, ತಂಗಿಯ ಮುಖ ನೋಡುತ್ತ ಕೂತೆ. ಇಷ್ಟು ವರ್ಷ ನನ್ನ ಎದೆಯಲ್ಲಿ ಉರಿದದ್ದು ಅವಳಿಗೂ ಉರಿಯಲಿ ಎಂಬ ಆಸೆ. ಅವಳು ಕೊನೆಯವರೆಗೂ ಬಾಯಿ ತೆರೆದುಕೊಂಡು ನೋಡಿದಳು.

"ಚಂದ ಮಾಡ್ತಾಳ, ಅಲ್ಲಕ್ಕಾ?" ಎಂದಳು. ಮನೆಗೆ ಬಂದು ಹೊಟ್ಟೆತುಂಬ ಉಂಡಳು. ಊಟ ಸೇರದೆ ಎದ್ದವಳು ನಾನು.

ಮುಂದೆ ನನ್ನನ್ನು ನೋಡಲು ಅಫಜಲಪುರದಿಂದ ಗಂಡಿನವರು ಬಂದರು. ಜರಿಯಂಚಿನ ಸೀರೆ ಉಟ್ಟು ಚಹಾ ತಂದೆ. ಅತ್ತೆಯಾಗುವವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಅವ್ವನನ್ನು ಕೇಳಿದರು:

"ಟಿವ್ಯಾಗ ಬರ್ತಿದ್ದಕಿ ಈಕಿನಾ ಏನ್ರಿ?"

"ಅಲ್ರಿ, ಅಕಿ ಸಣ್ಣಾಕಿ. ಈಕಿ ದೊಡ್ಡಾಕಿ."

ಆಮೇಲೆ ತಂಗಿಯನ್ನು ಒಳಗಿನಿಂದ ಕರೆಸಿದರು, ನಾಟಕದ ಮಾತು ಆಡಿಸಿದರು, ಬಿದ್ದು ಬಿದ್ದು ನಕ್ಕರು. ನಾನು ಖಾಲಿ ತಟ್ಟೆ ಹಿಡಿದು ನಿಂತೇ ಇದ್ದೆ. ಸಂಬಂಧವೇನೋ ಕುದುರಿತು, ಗಂಡ ಒಳ್ಳೆಯವರೇ. ಆದರೆ ಅಫಜಲಪುರದಲ್ಲಿ ಎಷ್ಟೋ ವರ್ಷ ನಾನು ಟಿವಿ ಹುಡುಗಿಯ ಅಕ್ಕನಾಗಿಯೇ ಉಳಿದೆ.

ತಂಗಿ ನರ್ಸ್ ತರಬೇತಿ ಮುಗಿಸಿ ಜೇವರ್ಗಿ ಕಡೆಯ ಇಜೇರಿಯಲ್ಲಿ ಕೆಲಸಕ್ಕೆ ಸೇರಿದಳು. ಇನ್ನು ಅವಳೂ ನನ್ನಂತೆ ಹತ್ತರಲ್ಲಿ ಒಬ್ಬಳಾದಳು ಎಂದು ಸಮಾಧಾನಪಟ್ಟೆ. ಬೇಸಿಗೆ ಸೂಟಿಯಲ್ಲಿ ಐದು ವರ್ಷದ ನನ್ನ ಮಗಳನ್ನು ಕರೆದುಕೊಂಡು ಅವಳಲ್ಲಿಗೆ ಹೋದಾಗ ಆ ಸಮಾಧಾನವೂ ಹೋಯಿತು. ಲಸಿಕೆ ಹಾಕುವವರು ಬಂದರೆ ಊರವರು ಮೊದಲು ಬಾಗಿಲು ಮುಚ್ಚಿಕೊಳ್ಳುತ್ತಿದ್ದರಂತೆ. ಈಗ ಅವಳನ್ನು ಕಂಡರೆ ಮಕ್ಕಳನ್ನು ಎತ್ತಿಕೊಂಡು ತಾವೇ ಬರುತ್ತಿದ್ದರು. ಮುಸಲ್ಮಾನರ ಓಣಿಯ ಅಜ್ಜಿಯೊಬ್ಬಳು ಮೊಮ್ಮಗನನ್ನು ಅವಳ ತೊಡೆಯ ಮೇಲೆ ಕೂರಿಸಿದಳು.

"ಸೂಜಿ ನೀನೇ ಮಾಡು ಬೇಟಿ. ನೀ ಸಣ್ಣಾಕಿ ಇದ್ದಾಗಿಂದ ನಿನ್ನ ಟಿವ್ಯಾಗ ನೋಡೀನಿ. ಬ್ಯಾರೆಯವರ ಕೈಯಾಗ ಕೊಡಂಗಿಲ್ಲ."

ಅಂದು ಸಂಜೆ ಅವಳು ರೊಟ್ಟಿ ಬಡಿಯುತ್ತಿದ್ದಾಗ, ಟಿವಿ ನೆನಪಾಗುವುದಿಲ್ಲವೇ ಎಂದು ಕೇಳಿದೆ.

"ನೆನಪಾಗ್ತದಕ್ಕ. ಅಲ್ಲಿ ಭಜಿ ಚಲೋ ಕೊಡ್ತಿದ್ರು," ಎಂದು ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

ನನ್ನ ಬಾಲ್ಯವನ್ನೆಲ್ಲ ಸುಟ್ಟದ್ದು ಅವಳಿಗೆ ಭಜಿಯಷ್ಟೇ ಆಗಿತ್ತು. ಹೊಟ್ಟೆಕಿಚ್ಚು ಆರಲಿಲ್ಲ, ಹೆಚ್ಚಾಯಿತು. ಅಷ್ಟು ಹಗುರಾಗಿರಲು ನನಗೆ ಒಂದು ದಿನವೂ ಸಾಧ್ಯವಾಗಿರಲಿಲ್ಲ.

ಹೊರಡುವ ದಿನ ಮಗಳು ಹಟ ಹಿಡಿದಳು. "ಅವ್ವಾ, ನೀ ಹೋಗು. ನಾ ಚಿಗವ್ವನ ಹತ್ರ ಇರ್ತೇನಿ." ಬೈದೆ, ಬಿಸ್ಕತ್ತಿನ ಆಸೆ ತೋರಿಸಿದೆ, ಆಗಲಿಲ್ಲ. ಇರಲಿ ಬಿಡಕ್ಕ, ಭಾನುವಾರ ನಾನೇ ತಂದುಬಿಡುತ್ತೇನೆ ಎಂದಳು ತಂಗಿ. ಜೇವರ್ಗಿಯ ಬಸ್ಸು ಬಂತು. ಒಬ್ಬಳೇ ಹತ್ತಿ ಕೂತೆ. ಮಗಳು ಅವಳ ಸೊಂಟವೇರಿ ಕೈಬೀಸುತ್ತಿದ್ದಳು. ನಾನು ತೊಡೆಯ ಮೇಲಿನ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮುಂದೆ ನೋಡಿದೆ.