ಹಿತ್ತಲ ಬಾಗಲಾ ಕೇಳಿದಂವ

ನಮ್ಮ ಕಡೆ ಒಂದು ಪದ್ಧತಿ ಐತಿ. ಸಣ್ಣ ಕೂಸು ಹಾದ್ಯಾಗ ಒಂಟಿ ಕಂಡ್ರ ಸಾಕು, ದೊಡ್ಡವರು ನಿಂದ್ರಿಸಿ ಕೇಳ್ತಾರ: ಯಾರ ಪೈಕಿ ನೀನು? ಬರೇ ತನ್ನ ಹೆಸರು ಹೇಳಿದ್ರ ನಡಿಯೂದಿಲ್ಲ. ಅಪ್ಪನ ಹೆಸರು, ಅಜ್ಜನ ಹೆಸರು, ಮನಿತನ, ಓಣಿ, ಮನಿ ಮುಂದ ಬೇವಿನ ಗಿಡ ಐತೋ ಹುಣಸಿ ಗಿಡ ಐತೋ, ಎಲ್ಲಾ ಒಪ್ಪಿಸಬೇಕು. ಗುಡಗೇರಿ ಸಂತ್ಯಾಗ ತಪ್ಪಿಸಿಕೊಂಡ ಕೂಸು ಹೊತ್ತು ಮುಳುಗೂದ್ರಾಗ ಮನಿ ಮುಟ್ಟತಿತ್ತಂದ್ರ ಅದು ಈ ಪದ್ಧತಿಯಿಂದನ. ಪೊಲೀಸ್ರು ಬ್ಯಾಡ, ಡಂಗುರ ಬ್ಯಾಡ. ಯಾರರೆ ಒಬ್ಬರು ಕೈ ಹಿಡಕೊಂಡು ಬಂದು ಬಿಟ್ಟು, ಚಹಾ ಕುಡದು ಹೋಗ್ತಿದ್ರು.

ನನ್ನ ಮೊಮ್ಮಗಳಿಗೆ ಈಗ ಒಂಬತ್ತು ವರ್ಷ. ಮಾತು ಬಂದಾಗಿಂದ ಆಕಿಗೆ ನಾ ಇದನ್ನ ಬಾಯಿಪಾಠ ಮಾಡ್ಸೇನಿ. ಬಸ್ಸಿನ ಕಂಡಕ್ಟರ್ ಎಲ್ಲಿಗೆ ಅಂತ ಕೇಳಿದ್ರೂ ಮುತ್ತಜ್ಜನಿಂದ ಸುರು ಮಾಡೂ ಹುಡುಗಿ ಅದು. ಕಡೀಕ ಒಂದು 'ರಿ' ಹಚ್ಚೂದು ಮಾತ್ರ ಮರಿಯೂದಿಲ್ಲ. ಆ 'ರಿ' ಕೇಳಿ ಮಂದಿ, ಚಲೋ ಮನಿತನದ ಕೂಸು ನೋಡ್ರಿ ಅಂತಿದ್ರು. ನಾ ಉಬ್ಬಿ ಹೋಗ್ತಿದ್ದೆ, ಸುಳ್ಳು ಯಾಕ ಹೇಳ್ಲಿ.

ಮಗ ಗುಡಗೇರಿಯೊಳಗ ಬೀಜ-ಗೊಬ್ಬರದ ಅಂಗಡ್ಯಾಗ ಕೆಲಸ ಮಾಡ್ತಾನ. ಸೊಸಿ ಬಾಜೂ ಊರಿನ ಹೈಸ್ಕೂಲಿನ್ಯಾಗ ಟೀಚರ್. ಮಗ ಹೊಸಾ ಫೋನ್ ತಗೊಂಡ ಮ್ಯಾಲೆ ಹಳೇದು ಮೊಮ್ಮಗಳ ಪಾಲಿಗೆ ಬಂತು. ಅದರಾಗ ಮನಿ ಕಟ್ಟೂ ಆಟ ಒಂದಿತ್ತು. ಎಲ್ಲೆಲ್ಲಿಯೋ ಹುಡುಗ್ರು ಒಂದೊಂದು ಮನಿ ಕಟ್ಟೂದು, ಒಬ್ಬರ ಮನಿಗೆ ಒಬ್ಬರು ಹೋಗೂದು, ಮಾತಾಡೂದು. ಉಳಿದ ಹುಡುಗ್ರು ಅರಮನಿ ಕಟ್ಟಿದ್ರ ನಮ್ಮಾಕಿ ನಮ್ಮ ಮನೀನ ಕಟ್ಟಿದ್ಲು. ಮುಂದಿನ ಕಟ್ಟಿ, ಪಡಸಾಲಿ, ದನದ ಕೊಟಗಿ, ಹಿತ್ತಲ ಬಾಗಲಾ, ಒಂದೂ ಬಿಟ್ಟಿರ್ಲಿಲ್ಲ. ನನಗೂ ಒಂದು ಹಸರ ಸೀರಿ ಉಡ್ಸಿ ಕಟ್ಟಿ ಮ್ಯಾಲೆ ಕುಂದರ್ಸಿದ್ಲು. ಸೊಂಟ ಭಾಳ ಸಣ್ಣ ಮಾಡೀಯಲ್ಲ ಬೇ ಅಂದೆ. ಇಬ್ಬರೂ ಹೊಟ್ಟಿ ಹಿಡಕೊಂಡು ನಕ್ವಿ.

ಆಕಿ ಯಾವಾಗ್ಲೂ ಕಿವಿಗೆ ವೈರ್ ಸಿಗಿಸಿಕೊಂಡ ಆಡ್ತಿದ್ಲು. ಯಾರ ಜೋಡಿ ಮಾತಾಡ್ತಿ ಅಂದ್ರ, ಗೆಳತ್ಯಾರ ಜೋಡಿ ಆಯಿ, ಅಂತಿದ್ಲು. ಒಂದು ಮಧ್ಯಾಹ್ನ ಆ ವೈರ್ ಕೆಟ್ಟಿತ್ತು. ನಾ ಪಡಸಾಲ್ಯಾಗ ಶೇಂಗಾ ಸುಲಕೋತ ಕೂತಿದ್ದೆ. ಫೋನಿನಿಂದ ಬಂದದ್ದು ಹುಡುಗಿ ದನಿ ಅಲ್ಲ, ಮೀಸಿ ಬಂದ ಗಂಡಸಿನ ದನಿ. ಭಾಳ ಮೆತ್ತಗ ಮಾತಾಡ್ತಿದ್ದ. ಸಂತಿ ದಿನ ಮನ್ಯಾಗ ಯಾರಿರ್ತಾರ ಅಂತ ಕೇಳಿದ. ಆಯಿ ಒಬ್ಬಾಕಿ ಇರ್ತಾಳ್ರಿ, ಆದ್ರ ಊಟ ಆದ ಮ್ಯಾಲೆ ಮಲ್ಕೊಂತಾಳ್ರಿ, ಗೊರಕಿ ಹೊಡಿತಾಳ್ರಿ, ಅಂದ್ಲು ಈಕಿ. ಅಂವಾ ನಕ್ಕ. ಆಮ್ಯಾಲೆ ಕೇಳಿದ, "ಹಿತ್ತಲ ಬಾಗಲಾ ಮಧ್ಯಾಹ್ನ ತಗದ ಇರ್ತದೇನು ಪುಟ್ಟಿ?"

ಮಡಿಲಾಗಿನ ಶೇಂಗಾ ಎಲ್ಲಾ ಚೆಲ್ಲಿ ಎದ್ದು ಹೋಗಿ ಫೋನ್ ಕಸಗೊಂಡೆ. ಯಾರಪ್ಪಾ ನೀನು, ಯಾವೂರು, ಯಾರ ಪೈಕಿ ಅಂತ ಕೇಳಿದೆ. ದನಿ ಬಂದ್ ಆತು. ಇಷ್ಟು ವರ್ಷದಾಗ ಈ ಮಾತಿಗೆ ಉತ್ತರ ಕೊಡದ ಓಡಿ ಹೋದ ಮನಶಾನ್ನ ನಾ ನೋಡಿರ್ಲಿಲ್ಲ.

ಮೊಮ್ಮಗಳನ್ನ ಬಾಜೂಕ ಕುಂದರ್ಸಿಕೊಂಡು ಏನೇನು ಹೇಳೀಯವ್ವಾ ಅಂತ ಕೇಳಿದೆ. ಎಲ್ಲಾ ಹೇಳಿದ್ಲು, ನಾ ಕಲಿಸಿದಂಗ, ಒಂದೂ ಬಿಡದಂಗ. ಊರು, ಓಣಿ, ಅಪ್ಪನ ಹೆಸರು, ಬೇವಿನ ಗಿಡ. ಅಂವಗ 'ಅಣ್ಣಾ' ಅಂತಿದ್ಲಂತ. ಸಂತಿ ದಿನ ರೈಲಿಗೆ ಬರ್ತೇನಿ, ನಿನಗೊಂದು ಗೊಂಬಿ ತರ್ತೇನಿ, ಮನ್ಯಾಗ ಹೇಳಬ್ಯಾಡ ಅಂದಿದ್ನಂತ. ಊರಾಗ ಯಾವ ಮಾತು ಕೂಸಿನ್ನ ಮನಿಗೆ ಮುಟ್ಟಸ್ತಿತ್ತೋ, ಅದ ಮಾತು ಹಿಡಕೊಂಡು ಒಬ್ಬಂವ ನಮ್ಮ ಮನಿ ತನಕ ಬರಾಕ ನಿಂತಿದ್ದ.

ಸಂಜಿಕ್ಕ ಮನ್ಯಾಗ ಜಗಳಾ ಹತ್ತಿತು. ಫೋನ್ ಕೊಟ್ಟವ್ರು ನೀವು ಅಂದ್ಲು ಸೊಸಿ. ಟೀಚರ್ ನೀನು, ನಿನಗ ತಿಳೀಬೇಕಾಗಿತ್ತು ಅಂದ ಮಗ. ಆಮ್ಯಾಲೆ ಇಬ್ಬರೂ ಕೂಡಿ ಕೂಸಿಗೆ ಬೈದ್ರು. ಅತ್ತಿ ಮ್ಯಾಲಿನ ಸಿಟ್ಟು ಕೊತ್ತಿ ಮ್ಯಾಲೆ ಅಂತಾರಲ್ಲ, ಹಂಗ. ಇಲ್ಲಿ ಅತ್ತಿ ನಾ, ಆದ್ರ ಸಿಟ್ಟು ನನ್ನ ಮ್ಯಾಲಲ್ಲ ಅನ್ನೂದೊಂದ ಸಮಾಧಾನ. ಮಗ ಆಟದ ಕಂಪನಿಗೆ ದೂರು ಬರದ. ಕಣ್ಣು ಮಿಟುಕಸೂದ್ರಾಗ ಇಂಗ್ಲೀಷಿನ್ಯಾಗ ಉತ್ತರ ಬಂತು. ಸೊಸಿ ಓದಿ ಹೇಳಿದ್ಲು: ನಿಮ್ಮ ಮಗುವಿನ ಸುರಕ್ಷತೆ ನಮಗ ಭಾಳ ಮುಖ್ಯ, ತಂದಿ-ತಾಯಿ ಮಕ್ಕಳ ಮ್ಯಾಲೆ ನಿಗಾ ಇಡಬೇಕು.

ನನಗ ಪಿತ್ತ ನೆತ್ತಿಗೇರಿತು. ಊರೂರು ಜಾತ್ರಿಗೆ ತಿರಗೂ ದೊಡ್ಡ ತೊಟ್ಟಲದಂವ ಅದಾನಲ್ರಿ, ಬಣ್ಣದ ದೀಪಾ ಹಚ್ಚಿ, ಹಾಡು ಹಾಕಿ, ಹುಡುಗ್ರನ್ನ ಕರಿಯಾಂವ, ಅಂವಾ ಸೈತ ಕೂಸು ಕೂತ ಮ್ಯಾಲೆ ಸರಪಳಿ ಹಾಕಿ, ಜಗ್ಗಿ ನೋಡಿ, ಆಮ್ಯಾಲೆ ತಿರಗಸ್ತಾನ. ಕೂಸು ಬಿದ್ರ ಊರ ಮಂದಿ ಮೊದಲ ಹಿಡಿಯೂದು ಅವನ್ನ. ನಿಮ್ಮ ಕೂಸಿನ್ನ ನೀವು ಯಾಕ ಕುಂದರ್ಸಿದ್ರಿ ಅಂತ ಅಂವಾ ಕೇಳಿದ್ರ ಹಲ್ಲು ಉಳಿತಾವೇನು? ಈ ಕಂಪನಿಯವರ ತೊಟ್ಟಲಕ್ಕ ಸರಪಳೀನ ಇಲ್ಲ. ಮಗನ ಮುಂದ ಇಷ್ಟೂ ಒದರಿದೆ. ತೊಟ್ಟಲದ ಬುಡಕ ತಾಯಿ-ತಂದಿನೂ ನಿಂತಿರಬೇಕು ಅಂತನೂ ಅಂದೆ.

ಅಷ್ಟರಾಗ ಮೊಮ್ಮಗಳು ಎಲ್ಲೂ ಕಾಣವಲ್ಲಳು. ಹುಡಿಕಿದ್ರ ಕೊಟಗ್ಯಾಗ ಆಕಳ ಕರಾ ತಬ್ಬಿಕೊಂಡು ಕೂತಿದ್ಲು. ಅತ್ತು ಅತ್ತು ಮಾರಿ ಕೆಂಪಾಗಿತ್ತು.

"ಆಯಿ, ದೊಡ್ಡವರು ಕೇಳಿದ್ರ ಹೇಳಬೇಕು ಅಂತ ನೀನ ಹೇಳಿದ್ದಿ. ಕೇಳಿದಂವಗ ಯಾರೂ ಬೈಯಂಗಿಲ್ಲೇನು?"

ತಪ್ಪು ನಿಂದಲ್ಲ ನನ್ನವ್ವಾ ಅಂದೆ. ಬರೇ ಬಾಯಿ ಮಾತಿಗೆ ಅಂದದ್ದಲ್ಲ. ಎತ್ತಿಕೊಂಡು ಒಳಗ ಬಂದು, ಆಕಿ ಕೇಳಿದ್ದನ್ನ ಅವರಪ್ಪ-ಅವ್ವನ ಮುಂದ ಆಕಿ ಬಾಯಿಂದನ ಇನ್ನೊಮ್ಮೆ ಹೇಳ್ಸಿದೆ. ಮಗ ಮಗಳ ತಲಿ ಸವರಿ, ಬೈಬಾರದಿತ್ತು ಅಂದ.

ಮರುದಿನ ಮಗ-ಸೊಸಿ ಕೂಸಿನ್ನ ಕರಕೊಂಡು ತಾಲೂಕಿನ ಪೊಲೀಸ್ ಸ್ಟೇಶನ್ನಿಗೆ ಹೋಗಿ ಬಂದ್ರು. ಅಲ್ಲಿ ಒಬ್ಬಾಕಿ ಪೊಲೀಸ್ ಹೆಣ್ಣಮಗಳು ಕೂಸಿನ್ನ ಬಾಜೂಕ ಕುಂದರ್ಸಿಕೊಂಡು, ಒಂದು ಮಾತೂ ಬೈಯದ ಎಲ್ಲಾ ಬರಕೊಂಡ್ಲಂತ. ಆಟ ಅಳಿಸಬ್ಯಾಡ್ರಿ, ಅದರಾಗ ಅಂವಾ ಕಂಡ್ರ ಸ್ಕ್ರೀನಿನ ಫೋಟೋ ತಗದು ಕಳಸ್ರಿ ಅಂದ್ಲಂತ.

ಸಂತಿ ದಿನ ಬಂತು. ಸುದ್ದಿ ತಿಳಿದ ನಮ್ಮ ಓಣಿ ಮಂದಿ ಯಾರೂ ಸಂತಿಗೆ ಹೋಗಲಿಲ್ಲ. ನಾ ಯಾರಿಗೂ ಬ್ಯಾಡ ಅಂದಿದ್ದಿಲ್ಲ, ತಾವ ಕೂತ್ರು. ಕಟ್ಟಿ ಕಟ್ಟಿ ಮ್ಯಾಲೆ ಮುದುಕ್ಯಾರು, ಹಿತ್ತಲದಾಗ ಗಂಡಸರು. ಹೊಸಾ ಮಾರಿ ಕಂಡದ್ದು ಒಂದ, ಹಿಂದಿನ ಮನಿ ಹೊಸಾ ಅಳಿಯಂದು. ಪಾಪ, ಕೈಯಾಗ ಪೇಢೆ ಡಬ್ಬಿ ಹಿಡಕೊಂಡು ರೈಲಿಳಿದು ಬಂದಿದ್ದ. ನಮ್ಮ ಮುದುಕ್ಯಾರು ಅವನ್ನ ಸುತ್ತಗಟ್ಟಿ ಅವನ ಮುತ್ತಜ್ಜನ ತನಕ ಕೇಳಿ, ಪೇಢೆ ಡಬ್ಬಿನೂ ತಗಸಿ ನೋಡಿದ್ರು. ಅತ್ತಿಮಾವ ಬಂದು ಬಿಡಿಸಿಕೊಂಡು ಹೋಗೂದ್ರಾಗ ಅರ್ಧಾ ಪೇಢೆ ಖಾಲಿ. ಆ ದಿನ ಮೊಮ್ಮಗಳು ಮೊದಲನೇ ಸಲ ನಕ್ಲು. ಆ ಫೋನಿನಂವ ಮಾತ್ರ ಬರಲಿಲ್ಲ.

ಬರಲಿಲ್ಲ ಅಂದ ಮ್ಯಾಲೆ ಮುಗೀತಲ್ಲ ಅಂತ ಓಣಿ ಮಂದಿ ಅಂದ್ರು. ನನಗೂ ಹಂಗ ಅನಿಸಿತ್ತು.

ಮುಂದಿನ ಐತವಾರ ಮಧ್ಯಾಹ್ನ, ಆ ಪೊಲೀಸ್ ಹೆಣ್ಣಮಗಳು ಹೇಳಿದ್ದ ಫೋಟೋ ತಗಿಯಾಕಂತ ಮಗ ಫೋನ್ ತಗದ. ನಾಲ್ಕೂ ಮಂದಿ ಪಡಸಾಲ್ಯಾಗ ಕೂತಿದ್ವಿ. ಮೊಮ್ಮಗಳು ಆಟದೊಳಗ ಹೋಗಿ ಅವನ ಹೆಸರು ಹುಡುಕಿದ್ಲು. ಇದ್ದ. ಹೆಸರಿನ ಬಾಜೂಕ ಹಸರ ದೀಪಾ ಉರೀತಿತ್ತು. ನಮ್ಮ ದೂರು ಎಲ್ಲಿ ಹೋಗಿತ್ತೋ ಏನೋ, ಅಂವಾ ಆರಾಮ ಇನ್ಯಾರದೋ ಮನಿ ಮುಂದ ನಿಂತಿದ್ದ. ಆ ಮನಿ ಮುಂದ ಒಂದು ತುಳಸಿ ಕಟ್ಟಿ, ಒಂದು ಕರಿ ಎಮ್ಮಿ.

"ಇದು ನನ್ನ ಆಟದ ಗೆಳತಿ ಮನಿ, ಆಕಿ ನನಗಿಂತ ಸಣ್ಣಾಕಿ ಆಯಿ," ಅಂದ್ಲು ಮೊಮ್ಮಗಳು. "ಸಾಲ್ಯಾಗ ಎರಡನೇತ್ತಾ ಅಂತ ಮೊದಲ ಹೇಳಿದ್ಲು. ಆಕಿಗೆ ಹೇಳ್ಲೇನು?"

ಮಗ ಸ್ವಲ್ಪ ಹಿಂದ ಮುಂದ ನೋಡಿದ. ಪೊಲೀಸರು ನೋಡ್ಕೋತಾರ, ನಮಗ್ಯಾಕ ಅಂದ. ನೋಡ್ಕೋಳೂ ತನಕ ಆ ಕೂಸಿನ ಗತಿ ಏನು ಅಂದೆ ನಾ. ಸೊಸಿ ಫೋಟೋ ತಗದು ಕಳಿಸಿದ್ಲು. ಮೊಮ್ಮಗಳು ಆ ಹುಡುಗಿಗಷ್ಟ ಕಾಣೂಹಂಗ, ಇಂಗ್ಲೀಷ್ ಅಕ್ಷರದಾಗ ಕನ್ನಡಾ ಬರದ್ಲು: ಅವನಿಗೆ ನಿಮ್ಮ ಊರು ಹೇಳಬ್ಯಾಡ.

ಆ ಕಡಿಂದ ಉತ್ತರ ಬಂತು. ಸೊಸಿ ಓದಿದ್ಲು. ಅಕ್ಕಾ, ನಾ ಹೇಳಿಬಿಟ್ಟೆ.

ಎಲ್ಲಾರೂ ಒಬ್ಬರ ಮಾರಿ ಒಬ್ಬರು ನೋಡಿದ್ವಿ. ಮೊಮ್ಮಗಳು ಮಾತ್ರ ಯಾರ ಮಾರಿನೂ ನೋಡಲಿಲ್ಲ. ಸಣ್ಣ ಬೆರಳಿಲೆ ಪಟಪಟ ಬರಿಯಾಕ ಹತ್ತಿದ್ಲು, ಬರದದ್ದನ್ನ ಬಾಯಿಲೆ ಅಂದ್ಲು:

"ನಿಂದು ತಪ್ಪಿಲ್ಲ, ಅಂಜಬ್ಯಾಡ. ನಿಮ್ಮ ಮನ್ಯಾಗ ಆಯಿ ಅದಾಳೇನು? ಈಗಿಂದೀಗ ಫೋನ್ ಆಕಿ ಕೈಯಾಗ ಕೊಡು."

ಎರಡನೇತ್ತಾ ಓದೂ ಆ ಕೂಸಿಗೆ ಇಷ್ಟು ಓದಾಕ ಬರ್ತದೋ ಇಲ್ಲೋ ಅಂತ ನನ್ನ ಜೀವ ಹೊಡಕೋತಿತ್ತು. ಮೊಮ್ಮಗಳನ್ನ ತೊಡಿ ಮ್ಯಾಲೆ ಎಳಕೊಂಡೆ. ನಾಲ್ಕೂ ಮಂದಿ ಆ ಫೋನಿನ ಮ್ಯಾಲೆ ಬಗ್ಗಿ, ಎಲ್ಲಿಯೋ ಒಂದು ಮನ್ಯಾಗ ಒಬ್ಬಾಕಿ ಮುದುಕಿ ಎಚ್ಚರ ಇರಲಿ ಅಂತ ಕಾಯ್ಕೋತ ಕೂತ್ವಿ.