ಅತ್ತೆಯ ಎರಡನೆಯ ಅಡುಗೆಮನೆ

ಸ್ನೇಹಿತರೇ, ಹಿತ್ತಿಲಲ್ಲಿ ಅತ್ತೆಗೊಂದು ಅಡುಗೆಮನೆ ಸಹಿತ ಪುಟ್ಟ ಮನೆ ಕಟ್ಟಲು ಪರವಾನಗಿ ಕೇಳಿ ಇವತ್ತು ಅವರ ಜೊತೆಗೇ ಪಂಚಾಯತ್ ಕಚೇರಿಗೆ ಹೋಗಿದ್ದೆ.

"ಆಸ್ತಿ ಪಾಲಾಗಿದೆಯಾ ಮೇಡಂ?" ಎಂದರು ಗುಮಾಸ್ತರು.

"ಇಲ್ಲ, ನಾವು ಒಟ್ಟಿಗೇ ಇರುವುದು."

"ಒಟ್ಟಿಗೆ ಇರುವವರಿಗೆ ಎರಡು ಅಡುಗೆಮನೆ ಯಾಕೆ? ಒಲೆ ಇಟ್ಟರೆ ಅದು ಬೇರೆ ಮನೆ ಆಗ್ತದೆ. ಅರ್ಜಿಯಲ್ಲಿ ಕಾರಣ ಬರೆಯಿರಿ."

ಅತ್ತೆಯ ಮಂಡಿನೋವು, ನಮ್ಮ ಮನೆಯ ಮೆಟ್ಟಿಲು ಎಂದು ಬರೆಯತೊಡಗಿದೆ. ಅತ್ತೆ ಕೈ ಹಿಡಿದು ನಿಲ್ಲಿಸಿದರು.

"ಸುಳ್ಳು ಯಾಕೆ ಬರೆಯುವುದು? ಇವಳ ಸಾರು ನನಗೆ ಸೇರುವುದಿಲ್ಲ. ಹದಿನೆಂಟು ವರ್ಷ ಸುಮ್ಮನೆ ಉಂಡೆ ಮಾರಾಯ್ರೆ."

ಗುಮಾಸ್ತರು ಮೊದಲ ಬಾರಿಗೆ ತಲೆ ಎತ್ತಿ ನನ್ನನ್ನು ನೋಡಿದರು. "ಈ ಕಾರಣ ಸಾಕು," ಎಂದರು.

ಅತ್ತೆ ಕನ್ನಡಕ ಮರೆತು ಬಂದಿದ್ದರು, ಆದ್ದರಿಂದ ಅದನ್ನೂ ನಾನೇ ಬರೆದೆ. ಓದಿ ನೋಡಿದೆ, ತಪ್ಪೇನೂ ಕಾಣಲಿಲ್ಲ. ಅರ್ಜಿದಾರರು ಅತ್ತೆ. ಸಾಕ್ಷಿಯ ಸಹಿ ನನ್ನದು.